ಸ್ವೀಡನ್ ಜಾಹೀರಾತಿನ 12,000 ಮೈಲಿ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಹಳೆಯ ಕಾರು ಕೊಳ್ಳಲು ಹೊರಟಿದ್ದೀರಿ. ಜಾಹೀರಾತಿನಲ್ಲಿ 12,000 ಮೈಲಿ ಎಂದಿದೆ, 1.6ರಿಂದ ಗುಣಿಸಿದರೆ ಸುಮಾರು 19,000 ಕಿಲೋಮೀಟರ್, ಇಷ್ಟು ಕಡಿಮೆ ಓಡಿದ ಕಾರು ಈ ಬೆಲೆಗೆ ಹೇಗೆ ಎಂದು ಕೇಳಿದ್ದೀರಿ. ಮುಂಗಡ ಕೊಟ್ಟಿಲ್ಲ ತಾನೆ? ಆ ಕಾರು ಓಡಿರುವುದು 1,20,000 ಕಿಲೋಮೀಟರ್.

ಸ್ವೀಡನ್ನಿನ 'ಮಿಲ್' ಎಂದರೆ ಸರಿಯಾಗಿ 10 ಕಿಲೋಮೀಟರ್. ನೀವು ಗುಣಿಸಿದ್ದು ಇಂಗ್ಲಿಷ್ ಮೈಲಿಯ ಲೆಕ್ಕ, ಅದು 1,609 ಮೀಟರ್ ಚಿಲ್ಲರೆ. ಸ್ವೀಡನ್ನಿನ ಹಳೆಯ ಮೈಲಿ ಅಲ್ಲಿನ ಅಳತೆಯ 18,000 ಮೊಳದ್ದು, ಅಂದರೆ 10.69 ಕಿಲೋಮೀಟರ್. 1889ರಲ್ಲಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಾಗ ಜನ ಅದನ್ನು ಬಿಟ್ಟುಕೊಡಲಿಲ್ಲ, ಹತ್ತಕ್ಕೆ ಇಳಿಸಿ ಇಟ್ಟುಕೊಂಡರು. ಜಾಣತನ ಎಂದೇ ನನಗೆ ಅನ್ನಿಸುತ್ತದೆ. ನಾರ್ವೆಯಲ್ಲೂ ಇದೇ ಮೈಲಿ.

ರಸ್ತೆಯ ಫಲಕಗಳು ಮತ್ತು ಕಾರಿನ ಮೀಟರು ಕಿಲೋಮೀಟರಿನಲ್ಲೇ ಇರುತ್ತವೆ, ಆದ್ದರಿಂದ ಕಾರು ನೋಡಲು ಹೋದಾಗ ಮೀಟರನ್ನೇ ಓದಿ. ಇಂಧನದ ಲೆಕ್ಕವನ್ನೂ ಮಾರುವವರು ಮೈಲಿಗೆ ಇಷ್ಟು ಲೀಟರ್ ಎಂದು ಹೇಳಬಹುದು. 0.6 ಲೀಟರ್ ಎಂದರೆ ನಮ್ಮ ಕಡೆಯ ಮಾತಿನಲ್ಲಿ ಲೀಟರಿಗೆ 16-17 ಕಿಲೋಮೀಟರ್, ಪೆಟ್ರೋಲ್ ಕಾರಿಗೆ ಪರವಾಗಿಲ್ಲ. ಇನ್ನು ದೋಣಿ ಕೊಳ್ಳುವ ಯೋಚನೆ ಬಂದರೆ ಮತ್ತೆ ಬೇರೆ ಲೆಕ್ಕ: ಸಮುದ್ರದ ಮೈಲಿ ಅಲ್ಲಿಯೂ 1,852 ಮೀಟರ್.

ಬೆಲೆಯ ವಿಚಾರಕ್ಕೆ ಬಂದರೆ, 1,20,000 ಓಡಿದ ಕಾರು ಎಂದುಕೊಂಡೇ ಚೌಕಾಸಿ ಮಾಡಿ, ಸರ್ವಿಸ್ ಪುಸ್ತಕವನ್ನೂ ಕೇಳಿ.