ಎಂಆರ್‌ಎನ್‌ಎ ಇದ್ದರೆ ಸಾಕಾ? ಪ್ರೋಟೀನ್ ಎಷ್ಟಾಗಬೇಕು ಅಂತ ಕೋಶ ಹೇಗೆ ತೀರ್ಮಾನಿಸುತ್ತದೆ?

ಎಂಆರ್‌ಎನ್‌ಎ ಅಂದರೆ ಪ್ರೋಟೀನ್ ಹೇಗೆ ಕಟ್ಟಬೇಕು ಅನ್ನುವ ಜೀನಿನ ಸೂಚನೆಯ ನಕಲು. ಅದು ಇದ್ದ ಮಾತ್ರಕ್ಕೆ ಪ್ರೋಟೀನ್ ತಯಾರಾಗಿಬಿಡುವುದಿಲ್ಲ. ಆ ನಕಲು ಎಷ್ಟು ಕಾಲ ಉಳಿಯಬೇಕು, ಅದನ್ನು ಓದಿ ಪ್ರೋಟೀನ್ ಕಟ್ಟುವುದು ಯಾವಾಗ ಶುರುವಾಗಬೇಕು, ಎರಡೂ ಕೋಶದ ಹಿಡಿತದಲ್ಲಿವೆ.

ನಮ್ಮ ಶಿಡ್ಲಘಟ್ಟದ ಕಡೆ ಸಾಕುವ ರೇಷ್ಮೆಹುಳುವನ್ನೇ ನೋಡಿ. ಜ್ವರಕ್ಕೆ ಕೂತ (ಅಂದರೆ ಪೊರೆ ಬಿಡುತ್ತಿರುವ) ಹುಳು ಸೊಪ್ಪು ಮುಟ್ಟುವುದಿಲ್ಲ, ಅಲ್ವಾ? ಆಗ ಅದರ ರೇಷ್ಮೆ ಗ್ರಂಥಿಯಲ್ಲಿ ರೇಷ್ಮೆ ಎಳೆಯ ಮುಖ್ಯ ಪ್ರೋಟೀನಾದ ಫೈಬ್ರೊಯಿನ್‌ನ ಎಂಆರ್‌ಎನ್‌ಎ ಒಡೆದು ಹೋಗುತ್ತದೆ. ನಾಲ್ಕನೇ ಜ್ವರದಿಂದ ಎದ್ದು ಮೇಯತೊಡಗಿದ ಮೇಲೆ ಮತ್ತೆ ರಾಶಿ ರಾಶಿ ತಯಾರಾಗುತ್ತದೆ. ಈ ಸಲ ದಿನಗಟ್ಟಲೆ ಉಳಿಯುತ್ತದೆ. ಒಂದೊಂದು ಎಂಆರ್‌ಎನ್‌ಎಯನ್ನೂ ಪ್ರೋಟೀನ್ ಕಟ್ಟುವ ಯಂತ್ರಗಳಾದ ಹತ್ತಾರು ರೈಬೋಸೋಮ್‌ಗಳು ಸಾಲಾಗಿ ಓದುತ್ತವೆ. ನನಗೆ ಎಲ್ಲಕ್ಕಿಂತ ಸೊಗಸು ಅನ್ನಿಸುವುದು ಗ್ರಂಥಿ ಮಾಡಿಕೊಳ್ಳುವ ಮುಂಚಿನ ತಯಾರಿ. ಫೈಬ್ರೊಯಿನ್‌ನಲ್ಲಿ ಗ್ಲೈಸಿನ್, ಅಲನಿನ್ ಅನ್ನುವ ಅಮೈನೊ ಆಮ್ಲಗಳು (ಪ್ರೋಟೀನಿನ ಬಿಡಿ ಮಣಿಗಳು) ಜಾಸ್ತಿ. ಅದಕ್ಕೇ ಅವನ್ನು ಹೊತ್ತು ತರುವ ಟಿಆರ್‌ಎನ್‌ಎಗಳನ್ನೂ ಗ್ರಂಥಿ ಜಾಸ್ತಿ ಮಾಡಿಟ್ಟುಕೊಳ್ಳುತ್ತದೆ. ಫೈಬ್ರೊಯಿನ್‌ನ ಎಂಆರ್‌ಎನ್‌ಎಯನ್ನು 1972ರಲ್ಲೇ ವಿಜ್ಞಾನಿಗಳಾದ ಸುಜುಕಿ ಮತ್ತು ಬ್ರೌನ್ ಬೇರ್ಪಡಿಸಿ ತೋರಿಸಿದ್ದರು.

ಇನ್ನು ಓದು ಶುರುವಾಗುವ ಹಂತ. ಅಮೈನೊ ಆಮ್ಲ ಸಾಲದೆ ಬಂದರೆ ಓದು ಶುರುಮಾಡಲು ನೆರವಾಗುವ ಇಐಎಫ್2 ಅನ್ನುವ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತದೆ. ಆಗ ಹೆಚ್ಚಿನ ಎಂಆರ್‌ಎನ್‌ಎಗಳ ಓದು ಶುರುವಾಗುವುದೇ ಕಡಿಮೆ. ನಮ್ಮ ಮೈಯ ಕೋಶಗಳಲ್ಲೂ ಹೀಗೇ. ಮೈಕ್ರೋಆರ್‌ಎನ್‌ಎ ಅನ್ನುವ ಪುಟ್ಟ ಆರ್‌ಎನ್‌ಎ ತುಣುಕುಗಳೂ ಎಂಆರ್‌ಎನ್‌ಎಗೆ ಅಂಟಿಕೊಂಡು ಅದರ ಓದು ತಡೆಯುತ್ತವೆ, ಇಲ್ಲವೇ ಬೇಗ ಒಡೆಸುತ್ತವೆ.