'ಡಿವೈನ್ ಕಾಮಿಡಿ' ಕಾವ್ಯದಲ್ಲಿ ನರಕ ಸುತ್ತಲು ಹೋದ ಕವಿ ದಾಂತೆಯೇ ಪಾಪಿಗಳನ್ನು ಕಂಡು ಅಳುತ್ತಾನೆ. ಹಾಗಾದರೆ ದಾಂತೆಯ ನರಕದಲ್ಲಿ ಕರುಣೆಗೆ ಜಾಗ ಇಲ್ವಾ?

ಇದೆ, ಆದರೆ ನರಕದ ಬಾಗಿಲು ದಾಟುವ ಮೊದಲು. ಇಟಲಿಯ ದಾಂತೆ 14ನೇ ಶತಮಾನದ ಆರಂಭದಲ್ಲಿ ಬರೆದ ಈ ಕಾವ್ಯದಲ್ಲಿ ಶಿಕ್ಷೆ ಅಂದರೆ ಪಾಪದ್ದೇ ಇನ್ನೊಂದು ರೂಪ. ಕಾಮದ ಸೆಳೆತಕ್ಕೆ ಸಿಕ್ಕವರನ್ನು ಅಲ್ಲಿ ಬಿರುಗಾಳಿ ಎತ್ತಿ ಒಗೆಯುತ್ತದೆ. ಭವಿಷ್ಯ ಹೇಳುತ್ತಿದ್ದವರ ಕತ್ತು ಹಿಂದಕ್ಕೆ ತಿರುಚಿದೆ, ಮುಂದೆ ನೋಡುವ ಹಾಗೇ ಇಲ್ಲ.

ಆ ಬಿರುಗಾಳಿಗೆ ಸಿಕ್ಕ ಫ್ರಾಂಚೆಸ್ಕಾ ಎಂಬವಳ ಪ್ರೇಮಕಥೆ ಕೇಳಿ ದಾಂತೆ ಮೂರ್ಛೆ ಹೋಗುತ್ತಾನೆ. ನಮಗೂ ಅಯ್ಯೋ ಅನಿಸುತ್ತದೆ, ಅಲ್ವಾ? ಆದರೆ ಅವಳ ಮಾತು ಗಮನಿಸಿ. ತಪ್ಪೆಲ್ಲ ಪ್ರೇಮದ್ದು, ಆಗ ಓದುತ್ತಿದ್ದ ಪುಸ್ತಕದ್ದು. 'ನನ್ನದು' ಅನ್ನುವುದೇ ಇಲ್ಲ! ನನ್ನ ಪ್ರಕಾರ ಕರುಣೆಯ ಗುಟ್ಟು ಇರುವುದು ಇಲ್ಲೇ, ತಪ್ಪು ತನ್ನದು ಅಂತ ಒಪ್ಪಿಕೊಳ್ಳುವುದರಲ್ಲಿ.

ಇದು ಇನ್ನೂ ಚೆನ್ನಾಗಿ ಕಾಣುವುದು ಒಬ್ಬ ಅಪ್ಪ ಮತ್ತು ಮಗನಲ್ಲಿ. ಅಪ್ಪ ಗ್ವಿದೊ, ಪೋಪನಿಂದ ಮುಂಗಡವಾಗಿ ಕ್ಷಮೆ ಪಡೆದು, ಮೋಸದ ಸಲಹೆ ಕೊಟ್ಟವನು. ಪಶ್ಚಾತ್ತಾಪ ಇಲ್ಲದ ಕ್ಷಮೆ ನಡೆಯಲಿಲ್ಲ, ನರಕಕ್ಕೆ ಬಿದ್ದ. ಮಗ ಬ್ವೊನ್‌ಕೊಂತೆ 1289ರ ಕಂಪಾಲ್ದಿನೊ ಯುದ್ಧದಲ್ಲಿ ಗಂಟಲಿಗೆ ಗಾಯವಾಗಿ ಸಾಯುವಾಗ ಯೇಸುವಿನ ತಾಯಿ ಮೇರಿಯ ಹೆಸರು ಹೇಳಿ ಅತ್ತ. ದೇವದೂತ ಅವನ ಆತ್ಮವನ್ನು ಎತ್ತಿಕೊಂಡು ಹೋದ. ಅಷ್ಟು ಪುಟ್ಟ ಒಂದು ಕಣ್ಣೀರ ಹನಿಗೆ ಇವನು ಕೈತಪ್ಪಿದನಲ್ಲ ಅಂತ ಅವನನ್ನು ಒಯ್ಯಲು ಬಂದಿದ್ದ ನರಕದ ಪಿಶಾಚಿ ಗೊಣಗುತ್ತಾನೆ.