ಸತ್ತವರಿಗಾಗಿ ಪ್ರಾರ್ಥನೆ: ಬೈಬಲ್ ಒಂದೇ ಆಗಿದ್ದರೂ ಭಿನ್ನಮತವೇಕೆ?

ಸತ್ತವರ ಸ್ಮರಣೆಯ ದಿನವಾದ ನವೆಂಬರ್ 2ರಂದು ಹುಬ್ಬಳ್ಳಿಯ ಕ್ಯಾಥೊಲಿಕ್ ಗೆಳೆಯರು ಹಿರಿಯರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ, ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟಂಟರು ಹಾಗೆ ಮಾಡುವುದಿಲ್ಲ, ಏಕೆ ಎಂದು ಕೇಳಿದ್ದೀರಿ.

ಬೈಬಲ್ ಪೂರ್ತಿ ಒಂದೇ ಅಲ್ಲ. ನನ್ನ ಮೇಜಿನ ಮೇಲೆ ಎರಡೂ ಇವೆ. ಕ್ಯಾಥೊಲಿಕ್ ಪ್ರತಿ ದಪ್ಪ: ಅದರಲ್ಲಿ 73 ಗ್ರಂಥಗಳು, ಪ್ರೊಟೆಸ್ಟಂಟ್ ಪ್ರತಿಯಲ್ಲಿ 66. ಹೆಚ್ಚಿನ ಏಳರಲ್ಲಿ ಒಂದು ಮಕ್ಕಬಿಯರ ಎರಡನೆಯ ಗ್ರಂಥ. ಅದರ 12ನೇ ಅಧ್ಯಾಯದಲ್ಲಿ ಯುದ್ಧದಲ್ಲಿ ಮಡಿದ ಯಹೂದಿ ಸೈನಿಕರ ಅಂಗಿಯೊಳಗೆ ಅನ್ಯದೇವತೆಗಳ ತಾಯತಗಳು ಸಿಗುತ್ತವೆ. ನಾಯಕ ಯೂದನು ಹಣ ಕೂಡಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸುತ್ತಾನೆ. ಸತ್ತವರಿಗೆ ನಮ್ಮ ಪ್ರಾರ್ಥನೆ ತಲುಪುತ್ತದೆ ಎನ್ನಲು ಕ್ಯಾಥೊಲಿಕರಿಗೆ ಇದು ದೊಡ್ಡ ಆಧಾರ. ಪ್ರೊಟೆಸ್ಟಂಟರು ಅದನ್ನು ಇತಿಹಾಸವೆಂದು ಓದಬಹುದು, ಆದರೆ ಅದರಿಂದ ಸಿದ್ಧಾಂತ ಕಟ್ಟುವುದಿಲ್ಲ. ತಾಯತ ಕಟ್ಟಿಕೊಳ್ಳುವುದು ವಿಗ್ರಹಾರಾಧನೆ, ಅದು ಕ್ಯಾಥೊಲಿಕ್ ಬೋಧನೆಯಂತೆಯೇ ಘೋರ ಪಾಪವಲ್ಲವೇ, ಅಂಥ ಪಾಪದಲ್ಲಿ ಸತ್ತವರಿಗೆ ಪ್ರಾರ್ಥನೆ ಹೇಗೆ ನೆರವಾದೀತು ಎಂಬ ಅವರ ಮರುಪ್ರಶ್ನೆಯೂ ಗಟ್ಟಿಯಾದದ್ದು. ‘ಒಮ್ಮೆ ಸಾವು, ಬಳಿಕ ನ್ಯಾಯತೀರ್ಪು’ ಎಂಬ ಅರ್ಥದ, ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದ 9:27 ಅವರ ಮುಖ್ಯ ವಚನ.

ನಾನು ಧಾರವಾಡದ ಪ್ರೊಟೆಸ್ಟಂಟ್ ಮನೆಯಲ್ಲಿ ಬೆಳೆದವನು. ಆದರೂ ‘1546ರಲ್ಲಿ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಟ್ರೆಂಟ್ ಸಭೆಯಲ್ಲಿ ಈ ಗ್ರಂಥಗಳನ್ನು ಹೊಸದಾಗಿ ಸೇರಿಸಿದರು’ ಎಂದು ನಮ್ಮವರು ಹೇಳುವಾಗ ಸಂಕಟವಾಗುತ್ತದೆ. ಉತ್ತರ ಆಫ್ರಿಕದ ಕಾರ್ಥೇಜ್‌ನಲ್ಲಿ 397ರಲ್ಲಿ ನಡೆದ ಚರ್ಚ್ ಸಭೆಯ ಗ್ರಂಥಪಟ್ಟಿಯಲ್ಲೇ ಮಕ್ಕಬಿಯರು ಇದ್ದಾರೆ. ‘ಪ್ರೊಟೆಸ್ಟಂಟ್ ಸುಧಾರಣೆಯ ಹರಿಕಾರ ಲೂಥರ್ ಇವನ್ನು ಕಿತ್ತುಹಾಕಿದ’ ಎಂಬುದೂ ಅರ್ಧಸತ್ಯ: 1534ರ ತನ್ನ ಬೈಬಲಿನಲ್ಲಿ ಆತ ಅವನ್ನು ಪ್ರತ್ಯೇಕ ವಿಭಾಗವಾಗಿ ಮುದ್ರಿಸಿ, ಓದಲು ಯೋಗ್ಯವೆಂದೇ ಹೇಳಿದ. ಅವನಿಗಿಂತ ಸಾವಿರ ವರ್ಷ ಹಿಂದೆ ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಸಂತ ಜೆರೋಮನಿಗೂ ಇವುಗಳ ಬಗ್ಗೆ ಅನುಮಾನವಿತ್ತು.

ಹಾಗಾಗಿ ಚರ್ಚೆಗೆ ಕೂರುವ ಮೊದಲು ಎದುರಿನವರ ಕೈಯಲ್ಲಿ ಯಾವ ಬೈಬಲ್ ಇದೆ ಎಂದು ಕೇಳಿ.